ನಂಬರ್ ಮ್ಯಾಚ್ ಅಂತಾರೆ, ನಂಬೋದು ಹೇಗೆ? 1969ರ ಕಮಾರೊ ನೋಡಿದವರು ಅನುಭವ ಹೇಳಿ

ಕೇಳಿದವರು, ಓಹಾಯೋದಿಂದ:

ಇಪ್ಪತ್ತು ವರ್ಷದ ಆಸೆ, 1969ರ ಷೆವರ್ಲೆ ಕಮಾರೊ. ಇಲ್ಲಿಂದ ಎರಡು ಗಂಟೆ ದೂರದಲ್ಲಿ ಒಂದು ಮಾರಾಟಕ್ಕಿದೆ. ಝಡ್28 (ಕಮಾರೊದಲ್ಲೇ ರೇಸಿನ ಮಾದರಿ) ಅಂತೆ, ನಂಬರ್ ಮ್ಯಾಚ್ ಅಂತೆ, ಅಂದರೆ ಎಂಜಿನ್ ಕಾರಿನ ಜೊತೆಗೇ ಬಂದದ್ದಂತೆ. ಶನಿವಾರ ನೋಡಲು ಹೋಗುತ್ತಿದ್ದೇನೆ. ಆಯಿಲ್ ಬದಲಿಸುವುದು ಬಿಟ್ಟರೆ ನನಗೆ ಹೆಚ್ಚು ಗೊತ್ತಿಲ್ಲ. ಏನು ನೋಡಬೇಕು? ಮೋಸ ಹೋದವರಿದ್ದರೆ ನಾಚಿಕೆ ಬಿಟ್ಟು ಹೇಳಿ.

ಮಿಶಿಗನ್‌ನಿಂದ:

ಮೋಸ ಹೋದವನು ನಾನೇ ಸರ್. ಡ್ಯಾಶ್ ಮೇಲಿನ ನಂಬರ್ ಸರಿಯಿದೆ ಎಂದು ಖುಷಿಯಿಂದ ದುಡ್ಡು ಕೊಟ್ಟೆ. ಆ ನಂಬರ್ 12437 ಎಂದು ಶುರುವಾದರೆ ಎಂಟು ಸಿಲಿಂಡರಿನ (ವಿ8) ಎರಡು ಬಾಗಿಲ ಕಾರು (ಕೂಪೆ) ಎಂದಷ್ಟೇ ಅರ್ಥ. ಆಮೇಲಿನ ಅಂಕಿ 9, ಅಂದರೆ 1969. ಅದರ ಮುಂದಿನ ಅಕ್ಷರ ಎನ್ ಅಂದರೆ ನಿಮ್ಮದೇ ಓಹಾಯೋದ ನಾರ್‌ವುಡ್ ಕಾರ್ಖಾನೆ, ಎಲ್ ಅಂದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಝಡ್28 ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ! ಆ ವರ್ಷ ತಯಾರಾದದ್ದು 20,302 ಝಡ್28. ಈಗ ಅದಕ್ಕಿಂತ ಜಾಸ್ತಿ ಓಡಾಡುತ್ತಿವೆಯೇನೋ.

ನಾರ್‌ವುಡ್ ಕಾರಾದರೆ ಬಾನೆಟ್ ಎತ್ತಿ ಫೈರ್‌ವಾಲ್ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲಿನ ತಗಡು ನೋಡಿ. 1968ರ ಡಿಸೆಂಬರ್ ನಡುವಿನಿಂದ ಅದರಲ್ಲಿ ಎಕ್ಸ್33 ಅಥವಾ ಎಕ್ಸ್77 ಎಂದಿದ್ದರೆ ಝಡ್28. ಆದರೆ ಆ ತಗಡೂ ಹೊಸದಾಗಿ ಮಾಡಿಸಿದ್ದು ಸಿಗುತ್ತದೆ. ನನ್ನ ಕಾರಿನದ್ದು ಹಾಗೇ ಆಗಿತ್ತು.

ನಾನು ಸಿಕ್ಕಿಬಿದ್ದದ್ದು ತಾರೀಕಿನಲ್ಲಿ. ಎಂಜಿನ್ ಮೇಲೆ ವಿ0211ಡಿಝಡ್ ಎಂದಿತ್ತು. ವಿ ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0211 ಅಂದರೆ ಫೆಬ್ರವರಿ 11, ಡಿಝಡ್ ಅಂದರೆ ಝಡ್28ರ 302 ಘನ ಅಂಗುಲದ ಎಂಜಿನ್. ಎಲ್ಲಾ ಚೆಂದ. ಆದರೆ ಫೈರ್‌ವಾಲ್ ತಗಡಿನಲ್ಲಿ 01ಸಿ, ಅಂದರೆ ಜನವರಿ ಮೂರನೇ ವಾರ. ಕಾರು ಹುಟ್ಟಿ ಮೂರು ವಾರ ಆದ ಮೇಲೆ ಅದರ ಎಂಜಿನ್ ಹುಟ್ಟಿತೇ? ಮೊದಲು ಬ್ಲಾಕ್ (ಎಂಜಿನ್‌ನ ಮುಖ್ಯ ಕಬ್ಬಿಣದ ಒಡಲು) ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಈ ಕ್ರಮ ತಪ್ಪಿದರೆ ಅಲ್ಲೇ ನಿಲ್ಲಿ. ಎರಕದ ತಾರೀಕು ಬ್ಲಾಕಿನ ಹಿಂದೆ, ಗೇರ್‌ಬಾಕ್ಸ್ ಸೇರುವ ಕಡೆ ಉಬ್ಬು ಅಕ್ಷರದಲ್ಲಿದೆ. ಎ 10 9 ಅಂದರೆ 1969ರ ಜನವರಿ 10.

ಇಂಡಿಯಾನಾದಿಂದ:

ನಾನು ಮಷಿನ್ ಶಾಪಿನವನು, ಕಬ್ಬಿಣದ ಮಾತಷ್ಟೇ ಹೇಳುತ್ತೇನೆ. ಎಂಜಿನ್ ಮುಂಭಾಗದಲ್ಲಿ, ಸೀಟಿನಲ್ಲಿ ಕೂತವರ ಬಲಗಡೆ, ಸಿಲಿಂಡರ್ ಹೆಡ್ ಮುಂದೆ ನಂಬರ್ ಒತ್ತುವ ಬೆರಳಗಲದ ಚಪ್ಪಟೆ ಜಾಗ ಇದೆ. ಆಲ್ಟರ್ನೇಟರ್ ಅಡ್ಡ ಬರುತ್ತದೆ, ಸ್ವಲ್ಪ ಬಗ್ಗಿ ನೋಡಬೇಕು. ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ತಂತಿ ಬ್ರಷ್ ಮುಟ್ಟಿಸಲೇಬೇಡಿ! ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಬ್ರೋಚ್ ಯಂತ್ರದಲ್ಲಿ ಕತ್ತರಿಸುತ್ತಿದ್ದರು. ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತವೆ. ನಂಬರ್ ಆ ಗೆರೆಗಳನ್ನು ಒತ್ತಿ ಇಳಿದಿರಬೇಕು. ಗೆರೆ ನಂಬರಿನ ಮೇಲೆ ಹಾದುಹೋಗಿದ್ದರೆ, ಅಥವಾ ಸುತ್ತು ಸುತ್ತಾಗಿ ಗ್ರೈಂಡರ್ ಗುರುತು ಇದ್ದರೆ, ಯಾರೋ ಕೈಯಾಡಿಸಿದ್ದಾರೆ.

ಇನ್ನೊಂದು. ಎಂಜಿನ್ ಕೋಡ್ ಒತ್ತಿದ್ದು ಫ್ಲಿಂಟ್‌ನಲ್ಲಿ, ಕಾರಿನ ನಂಬರಿನ ತುಣುಕು (19ಎನ್ ಮತ್ತು ಆರು ಅಂಕಿ) ಒತ್ತಿದ್ದು ನಾರ್‌ವುಡ್‌ನಲ್ಲಿ. ಬೇರೆ ಊರು, ಬೇರೆ ಅಚ್ಚು, ಬೇರೆ ಕೈ. ಎರಡೂ ಒಂದೇ ಅಕ್ಷರದಲ್ಲಿ, ಸ್ಕೇಲ್ ಇಟ್ಟ ಹಾಗೆ ನೇರವಾಗಿದ್ದರೆ ನನಗೆ ಅನುಮಾನ ಬರುತ್ತದೆ. ಏನೂ ಇಲ್ಲದೆ ನುಣ್ಣಗಿದ್ದರೆ ಅದು ಮೋಸವೇ ಆಗಬೇಕಿಲ್ಲ, ರೀಬಿಲ್ಡ್ ಮಾಡುವಾಗ ಮಷಿನ್ ಮಾಡಿರಬಹುದು. ನಾನೇ ಎಷ್ಟೋ ಅಳಿಸಿದ್ದೇನೆ, ಆಗ ಯಾರು ಕೇಳುತ್ತಿದ್ದರು?

ಊರಲ್ಲಿ ಆರ್‌ಟಿಓಗೆಂದು ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತಾರಲ್ಲ, ಅದನ್ನೇ ಇಲ್ಲೂ ಮಾಡಿ. ಫೋಟೋಗಿಂತ ಸ್ಪಷ್ಟ ಬರುತ್ತದೆ.

ಟೊರಾಂಟೊದಿಂದ:

ನಮ್ಮದು ಫೋರ್ಡ್ ಮನೆ, ನಮಗೆ ಈ ತಲೆನೋವು ಕಡಿಮೆ. 1967ರಿಂದ ಈಚಿನ ಮಸ್ಟಾಂಗ್‌ಗೆ ಮಾರ್ಟಿ ರಿಪೋರ್ಟ್ ತರಿಸಿದರೆ ಕಾರ್ಖಾನೆ ದಾಖಲೆಯೇ ಬರುತ್ತದೆ. ಪಾಂಟಿಯಾಕ್ ಕಾರಿಗೆ ಅಂಥದೇ ದಾಖಲೆ ಕೊಡುವ ಪಿಎಚ್‌ಎಸ್ ಇದೆ. ನಿಮ್ಮ ಕಮಾರೊ ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಷೆವರ್ಲೆಯ ಒಡೆಯ ಕಂಪನಿಯ ಶಾಖೆ ಜಿಎಂ ಕೆನಡಾದ ಕಾಗದ ಸಿಗಬಹುದು. ಆ ಅದೃಷ್ಟ ಇದೆಯೇ ಕೇಳಿ ನೋಡಿ.

ಮಿಶಿಗನ್‌ನಿಂದ ಮತ್ತೆ:

ಮರೆತಿದ್ದೆ. ಬಾಡಿ ಮೇಲೆ ಕಣ್ಣಿಗೆ ಬೀಳದ ನಂಬರ್ ಎರಡಿವೆ. ಒಂದು ಹೀಟರ್ ಡಬ್ಬಿಯ ಹಿಂದೆ ಫೈರ್‌ವಾಲ್ ಮೇಲೆ, ಇನ್ನೊಂದು ವೈಪರ್ ಕೆಳಗಿನ ಜಾಲರಿ ತಗಡು ತೆಗೆದರೆ ಕಾಣುತ್ತದೆ. ಡ್ಯಾಶ್ ಪ್ಲೇಟಿಗೆ ಹೂವಿನ ದಳದಂಥ ರಿವೆಟ್ ಇರಬೇಕು. ಆ ಪ್ಲೇಟ್ ಕಿತ್ತು ಬೇರೆ ಕಾರಿಗೆ ಹಾಕುವುದು ಇಲ್ಲಿ ಅಪರಾಧ. ಅಂಥ ಕಾರು ಪೊಲೀಸರ ಕೈಗೆ ಸಿಕ್ಕರೆ ನಿಮ್ಮ ದುಡ್ಡೂ ಹೋಯಿತು. ಆಟೋಮ್ಯಾಟಿಕ್ ಗೇರ್ ಇದ್ದರೆ ಬಗ್ಗಿ ನೋಡುವ ಕಷ್ಟವೂ ಬೇಡ, ಝಡ್28 ಬಂದದ್ದು ನಾಲ್ಕು ಗೇರಿನ ಮ್ಯಾನುಯಲ್‌ನಲ್ಲಿ ಮಾತ್ರ.

ಕೇಳಿದವರು, ಭಾನುವಾರ:

ಹೋಗಿ ಬಂದೆ ಅಣ್ಣಂದಿರೇ. ಯಜಮಾನರು ಎಪ್ಪತ್ತು ದಾಟಿದವರು, ಪಾಪ, ಜಾಲರಿ ತಗಡಿನ ಸ್ಕ್ರೂ ತಾವೇ ಬಿಚ್ಚಿ ಕೊಟ್ಟರು. ಐವತ್ತು ವರ್ಷದ ಎಲೆಕಸ, ಅದರ ಕೆಳಗೆ ನಂಬರ್. ಡ್ಯಾಶ್ ನಂಬರಿಗೆ ಸರಿಯಾಗಿ ಕೂತಿತು. ತಗಡಿನಲ್ಲಿ ಎಕ್ಸ್77, 03ಬಿ. ಎಂಜಿನ್ ಹತ್ತಿರ ಟಾರ್ಚ್ ಹಿಡಿದರೆ ಕನ್ನಡಿಯ ಹಾಗೆ ನುಣುಪು, ಗೆರೆಯೂ ಇಲ್ಲ, ನಂಬರೂ ಇಲ್ಲ. ಪೆನ್ಸಿಲ್ ಉಜ್ಜಿದರೆ ಬರೀ ಕಪ್ಪು. ಯಜಮಾನರೂ ಮೊದಲ ಸಲ ನೋಡಿದಂತೆ ನೋಡಿದರು, ಅವರಿಗೆ ಮಾರಿದವರು ಹೇಳಿದ ಮಾತನ್ನೇ ನಮಗೆ ಹೇಳಿದ್ದರಷ್ಟೇ. ಬಾಡಿಗೆ ಸರಿಯಾದ ಬೆಲೆ ಕೊಡುತ್ತೇನೆ, ಎಂಜಿನ್‌ಗೆ ಸಾಧಾರಣ 302ರ ಬೆಲೆ ಅಂದೆ. ಮಗಳ ಹತ್ತಿರ ಮಾತಾಡಿ ಬುಧವಾರ ಫೋನ್ ಮಾಡುತ್ತಾರಂತೆ.