ಸಹಾಯ ಬೇಕು: ಕಡಿಮೆ ದುಡ್ಡಲ್ಲಿ ಹಳೇ ಬೇಸ್‌ಬಾಲ್ ಕಾರ್ಡ್

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಮಗನಿಗೆ 1957ರಲ್ಲಿ ಟಾಪ್ಸ್ ಕಂಪನಿ ತಂದ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡ್ ಕೂಡಿಸುವ ಆಸೆ. ಒಟ್ಟು 407, ನಮ್ಮ ಹತ್ತಿರ ಇರುವುದು 23. ಮನೆ ಖರ್ಚು ಕಳೆದು ತಿಂಗಳಿಗೆ 25 ಡಾಲರ್ ಮಾತ್ರ ಎತ್ತಿಡಬಹುದು. ಮೂಲೆ ಸವೆದಿದ್ದರೂ, ಮಡಿಕೆ ಬಿದ್ದಿದ್ದರೂ ಪರವಾಗಿಲ್ಲ. ಒಂದು ಕಾರ್ಡಿನ ಹಿಂದೆ ಯಾವುದೋ ಮಗು ಪೆನ್ಸಿಲ್‌ನಲ್ಲಿ ಹೆಸರು ಬರೆದಿದೆ. ಇವನಿಗೆ ಅದೇ ಜಾಸ್ತಿ ಇಷ್ಟ.

ಹೋದ ತಿಂಗಳು 1955ರದ್ದು ಅಂತ ಒಬ್ಬರು ನಕಲಿ ಕಾರ್ಡ್ ಮಾರಿದರು. ಅದರ ಅಳತೆ ಎರಡೂವರೆ ಇಂಚಿಗೆ ಮೂರೂವರೆ. ಟಾಪ್ಸ್ ಆ ಅಳತೆಗೆ ಬಂದಿದ್ದೇ 1957ರಲ್ಲಿ ಅಂತ ಆಮೇಲೆ ಗೊತ್ತಾಯ್ತು. ಮಗ ತುಂಬಾ ಬೇಜಾರು ಮಾಡಿಕೊಂಡ.

1957ರ ಕಾರ್ಡ್‌ಗಳಲ್ಲಿ 265ರಿಂದ 352ರ ನಂಬರಿನವು ಸಿಗೋದು ಕಷ್ಟ ಅಲ್ವಾ? ಮೊದಲು ಅವನ್ನೇ ಒಂದೊಂದಾಗಿ ಕೊಳ್ಳಬೇಕಾ, ಅಥವಾ ಸಾಮಾನ್ಯ ಆಟಗಾರರ ಕಾರ್ಡ್‌ಗಳನ್ನು ಒಟ್ಟಿಗೆ ತಗೊಳ್ಳೋದು ವಾಸಿನಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.