‘ಕಾಯೌ ಶ್ರೀಗೌರಿ’ಯೋ, ‘ಕಾಯೋ ಶ್ರೀಗೌರಿ’ಯೋ?

ಎಲ್ಲರಿಗೂ ನಮಸ್ಕಾರ.

ಹಳೆಯ ಮೈಸೂರು ಸಂಸ್ಥಾನದ ನಾಡಗೀತೆಯ ಮೊದಲ ಪದದ ಬಗ್ಗೆ ಒಂದು ಪ್ರಶ್ನೆ. ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀಗೌರಿ ಕರುಣಾಲಹರಿ ತೋಯಜಾಕ್ಷಿ ಶಂಕರೀಶ್ವರಿ’ ಎಂಬ ಹಾಡು. ದಸರಾ ಬಂತೆಂದರೆ ಇದನ್ನು ಹಂಚಿಕೊಳ್ಳುವವರು ಜಾಸ್ತಿ. ಕೆಲವರು ‘ಕಾಯೌ’ ಎಂದು ಬರೆಯುತ್ತಾರೆ, ಕೆಲವರು ‘ಕಾಯೋ’ ಎಂದು. ಯಾವುದು ಸರಿ?

ಛಂದಸ್ಸಿನಿಂದ ಇದು ತೀರ್ಮಾನ ಆಗುವುದಿಲ್ಲ. ಓ, ಔ ಎರಡೂ ಗುರುವೇ. ಪ್ರಾಸವೂ ನೆರವಿಗೆ ಬರುವುದಿಲ್ಲ. ‘ಕಾಯೌ’, ‘ತೋಯಜಾಕ್ಷಿ’ ಎರಡರಲ್ಲೂ ಎರಡನೇ ಅಕ್ಷರ ಯಕಾರವಾಗಿದ್ದರೆ ಆಯಿತು, ಅದರ ಸ್ವರ ಯಾವುದಾದರೂ ನಡೆಯುತ್ತದೆ. ಇನ್ನು ಉಳಿಯುವುದು ಬಳಕೆ.

ಗಂಡುದೇವರನ್ನು ಸಲಿಗೆಯಿಂದ ಕರೆಯುವಾಗ ‘ಬಾರೋ ಕೃಷ್ಣಯ್ಯ’. ಹೆಣ್ಣುದೇವರಾದರೆ ‘ಲಕ್ಷ್ಮೀ ಬಾರಮ್ಮ’. ಗೌರಿಗೆ ‘ಕಾಯೋ’ ಅಂದರೆ ಎಲ್ಲೋ ಎಡವಿದ ಹಾಗಿರುತ್ತದೆ, ಅಲ್ವಾ? ನಡುಗನ್ನಡ ಕಾವ್ಯಗಳಲ್ಲಿ ಗಂಡಿಗೆ ‘ಕೇಳೈ’, ಹೆಣ್ಣಿಗೆ ‘ಕೇಳೌ’ ಎಂಬ ರೂಪಗಳು ಸಿಗುತ್ತವೆ. ಐ ಹಿಂದೆ ಅಯ್ಯ, ಔ ಹಿಂದೆ ಅವ್ವ ಇದ್ದಾರೆ ಅನ್ನುವುದು ನನ್ನ ಎಣಿಕೆ. ಹಾಗಿದ್ದರೆ ‘ಕಾಯೌ’ ಅಂದರೆ ‘ಕಾಪಾಡವ್ವ’. ಚಾಮುಂಡಿಯನ್ನು ಮನೆದೇವರು ಎಂದು ನಂಬಿದ ಅರಮನೆಗೆ ಅದು ಒಪ್ಪುವ ಮಾತೇ.

ಶಾಸ್ತ್ರಿಗಳು (1843–1891) ಇಂಥದ್ದನ್ನು ಸುಮ್ನೆ ಬರೆಯುವವರಲ್ಲ. ಕಾಳಿದಾಸನ ಶಾಕುಂತಲ, ವಿಕ್ರಮೋರ್ವಶೀಯ, ಭವಭೂತಿಯ ಉತ್ತರರಾಮಚರಿತಗಳನ್ನು ಕನ್ನಡಕ್ಕೆ ತಂದವರು. ಚಾಮರಾಜ ಒಡೆಯರಿಂದ ‘ಅಭಿನವ ಕಾಳಿದಾಸ’ ಎಂಬ ಬಿರುದು ಪಡೆದವರು. ಶೇಕ್ಸ್‌ಪಿಯರನ ಒಥೆಲೋವನ್ನು ‘ಶೂರಸೇನ ಚರಿತ್ರೆ’ ಮಾಡಿದಾಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಿ. ಸುಬ್ಬರಾಯರು ಕನ್ನಡದಲ್ಲಿ ಹೇಳಿಕೊಟ್ಟದ್ದನ್ನು ಇವರು ನಾಟಕವಾಗಿ ಕಟ್ಟಿದರು. (ಮೂಲ ಓದದೆ ಮಾಡಿದ್ದನ್ನು ಅನುವಾದ ಅನ್ನಬಹುದೇ ಎಂದು ಇಲ್ಲಿ ಯಾರಾದರೂ ಜಗಳ ತೆಗೆಯಬಹುದು. ನಾನಂತೂ ಅನ್ನುತ್ತೇನೆ.) ಯಾವ ಪಾತ್ರ ಯಾರನ್ನು ಹೇಗೆ ಕರೆಯಬೇಕು ಅನ್ನುವುದು ನಾಟಕ ಬರೆಯುವವರಿಗೆ ಸಣ್ಣ ವಿಷಯವಲ್ಲ. ಅದಕ್ಕೇ ‘ಕಾಯೌ’ ಅವರು ಬೇಕೆಂದೇ ಆರಿಸಿದ ರೂಪ ಎಂದು ನನಗೆ ತೋರುತ್ತದೆ.

ಅವರ ಶಾಕುಂತಲ ಕೈಯಲ್ಲಿ ಇರುವವರು ದಯವಿಟ್ಟು ಮೊದಲ ಅಂಕ ನೋಡಿ. ಗಿಡಗಳಿಗೆ ನೀರೆರೆಯುವಾಗ ಅನಸೂಯೆ, ಪ್ರಿಯಂವದೆ, ಶಕುಂತಲೆ ಒಬ್ಬರನ್ನೊಬ್ಬರು ಕರೆಯುವ ಕಡೆ ‘ಎಲೌ’, ‘ಕೇಳೌ’ ಥರದ ರೂಪಗಳು ಇವೆಯೇ? ಹಾಗೆಯೇ, ನಿಮ್ಮ ಊರ ಕಡೆ ಹೆಂಗಸರ ಹಾಡುಗಳಲ್ಲಿ ‘ಬಾರವ್ವ’ದ ಜೊತೆ ‘ಬಾರೌ’ ಕೇಳಿದ್ದರೆ ಹಾಡಿನ ಸಾಲಿನ ಸಮೇತ ತಿಳಿಸಿ.