ಎರಡನೇ ಹೆರಿಗೆ, ದಿನ ಗೊತ್ತುಮಾಡಿ ನೋವು ಬರಿಸ್ತಾರಂತೆ: ಮುಂಚೆನೇ ಏನೇನು ತಿಳ್ಕೊಂಡಿರ್ಬೇಕು?

ಕಬ್ಬಿನಗದ್ದೆ, ಮಂಡ್ಯ

ಮನೆಯವರಿಗೆ ಇದು ಎರಡನೇದು. ಮೊದಲನೇದು ತಾನಾಗೇ ನೋವು ಬಂದು ನಾರ್ಮಲ್ ಆಗಿತ್ತು. ಈ ಸಲ ಬಸಿರಲ್ಲಿ ಸಕ್ಕರೆ ಕಾಣಿಸ್ಕೊಂಡು ಮೆಟ್‌ಫಾರ್ಮಿನ್ ತಗೋತಾವ್ರೆ, ಹತೋಟಿಲಿದೆ. 39 ವಾರ ತುಂಬಿದ ಮೇಲೆ ಅಡ್ಮಿಟ್ ಮಾಡ್ಕೊಂಡು ನೋವು ಬರಿಸ್ತೀವಿ ಅಂದವ್ರೆ. ಪಿ.ವಿ. (ಬೆರಳು ಹಾಕಿ ಒಳಗಿನ ಪರೀಕ್ಷೆ) ಮಾಡಿ "ಬಾಯಿ 2 ಸೆಂಟಿಮೀಟರ್, ತಲೆ ಇನ್ನೂ ಮೇಲಿದೆ" ಅಂತ ಕಾರ್ಡಲ್ಲಿ ಬರೆದವ್ರೆ.

ಜೆಲ್ಲು, ಬಲೂನು, ಡ್ರಿಪ್ಪು ಅಂತೆಲ್ಲ ಅಂತಾರೆ, ಯಾವುದು ಯಾವಾಗ? ಎರಡನೇದು ಬೇಗ ಆಗುತ್ತೆ ಅನ್ನೋದು ಎಷ್ಟು ನಿಜ? ನಮ್ಮತ್ತೆ ಜೋಯಿಸ್ರ ಹತ್ರ ಗಳಿಗೆ ಬರೆಸ್ಕೊಂಡು ಬಂದವ್ರೆ, ಅದಕ್ಕೆ ಹೊಂದಿಸೋಕಾಗುತ್ತಾ? ಊರಿಂದ ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ.

ಲೇಬರ್‌ವಾರ್ಡ್

ಮೊದಲು ಆ 2 ಸೆಂಟಿಮೀಟರ್ ವಿಷ್ಯ. ಒಂದು ಹೆತ್ತವರಿಗೆ ಕೊನೇ ವಾರಗಳಲ್ಲಿ ಗರ್ಭಕೋಶದ ಬಾಯಿ ಇಷ್ಟು ಸಡಿಲ ಇರೋದು ಮಾಮೂಲು. ಅದನ್ನ ನೋಡಿ ಅರ್ಧ ಕೆಲ್ಸ ಆಯ್ತು ಅಂದ್ಕೋಬೇಡಿ. ಕೇಳ್ಬೇಕಾದ್ದು ಬಿಷಪ್ ಸ್ಕೋರ್ ಎಷ್ಟು ಅಂತ. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಹಿಂದಕ್ಕಿದೆಯೋ ಮುಂದಕ್ಕೆ ಬಂದಿದೆಯೋ, ತಲೆ ಎಷ್ಟು ಇಳಿದಿದೆ, ಈ ಐದೂ ಸೇರಿ 13ಕ್ಕೆ ಅಂಕ. ಬಾಯಿ ಬೆರಳಿಗೆ ಮೂಗಿನ ತುದಿ ಥರ ಸಿಕ್ಕಿದ್ರೆ ಇನ್ನೂ ಗಟ್ಟಿ, ತುಟಿ ಥರ ಸಿಕ್ಕಿದ್ರೆ ಹದಕ್ಕೆ ಬಂದಿದೆ ಅಂತ ಲೆಕ್ಕ. 8 ದಾಟಿದ್ರೆ ಜೆಲ್ ಬೇಕಾಗಲ್ಲ. 6ಕ್ಕಿಂತ ಕಮ್ಮಿ ಇದ್ರೆ ಮೊದಲು ಬಾಯಿ ಹದ ಮಾಡ್ಲೇಬೇಕು. ಹದವಾಗದ ಬಾಯಿಗೆ ನೇರವಾಗಿ ಡ್ರಿಪ್ ಹಾಕಿದ್ರೆ ತಾಯಿ ಇಡೀ ದಿನ ನೋವು ತಿಂತಾರೆ, ಬಾಯಿ ಮಾತ್ರ ಅಲ್ಲೇ ಇರುತ್ತೆ.

ಹದ ಮಾಡೋಕೆ ಮೂರು ದಾರಿ. ಡೈನೋಪ್ರೋಸ್ಟೋನ್ ಜೆಲ್ 0.5 ಮಿಲಿಗ್ರಾಂ, ಸಿರಿಂಜಲ್ಲಿ ಬರುತ್ತೆ, 2ರಿಂದ 8 ಡಿಗ್ರಿ ಫ್ರಿಜ್ಜಲ್ಲೇ ಇರ್ಬೇಕು. ಹೊರಗಿನ ಮೆಡಿಕಲ್‌ನಿಂದ ತರೋಕೆ ಹೇಳಿದ್ರೆ ಐಸ್‌ಪ್ಯಾಕ್ ಜೊತೆ ತನ್ನಿ, ಬಿಸಿಲಲ್ಲಿ ಬೈಕ್ ಡಿಕ್ಕಿಲಿ ಇಟ್ಕೊಂಡು ಬರ್ಬೇಡಿ. ಇಟ್ಟ ಮೇಲೆ ಅರ್ಧ ಗಂಟೆ ಮಲಗಿರ್ಬೇಕು. 6 ಗಂಟೆ ಬಿಟ್ಟು ಮತ್ತೆ ನೋಡ್ತಾರೆ, 24 ಗಂಟೆಗೆ 3 ಸಲ ದಾಟಲ್ಲ. ಆಸ್ತಮಾ, ಕಣ್ಣಿನ ಒತ್ತಡದ ಕಾಯಿಲೆ ಇದ್ರೆ ಮೊದ್ಲೇ ಹೇಳಿ.

ಎರಡನೇದು ಬಲೂನು. ಮೂತ್ರಕ್ಕೆ ಹಾಕೋ ಫೋಲಿ ಕ್ಯಾತಿಟರೇ, 16 ಅಥವಾ 18 ನಂಬರು. ಬಾಯಿಯ ಒಳಗಡೆಗೆ ದಾಟಿಸಿ 30ರಿಂದ 60 ಎಂ.ಎಲ್. ಸಲೈನ್ ತುಂಬಿ, ಕೊಂಚ ಎಳೆದು ತೊಡೆಗೆ ಪ್ಲಾಸ್ಟರ್ ಹಾಕ್ತಾರೆ. 3-4 ಸೆಂಟಿಮೀಟರ್ ಆಗ್ತಿದ್ದ ಹಾಗೆ ತಾನೇ ಕಳಚಿ ಬೀಳುತ್ತೆ. ಬಿತ್ತಲ್ಲ ಅಂತ ಗಾಬರಿ ಬೇಡ, ಬೀಳ್ಬೇಕಾದ್ದೇ. ಔಷಧಿ ಇಲ್ದಿರೋದ್ರಿಂದ ನೋವು ವಿಪರೀತಕ್ಕೆ ಹೋಗೋ ಭಯ ಕಮ್ಮಿ. ಒಂದು ಹೆತ್ತವರಿಗೆ ನನ್ನ ಓಟು ಇದಕ್ಕೇ.

ಮೂರನೇದು ಮಿಸೊಪ್ರೋಸ್ಟಾಲ್ ಮಾತ್ರೆ. ಡೋಸು 25 ಮೈಕ್ರೋಗ್ರಾಂ. ಬಾಯಲ್ಲಿ ನುಂಗಿಸೋದಾದ್ರೆ 2 ಗಂಟೆಗೊಂದು, ಕೆಳಗಿಂದ ಇಡೋದಾದ್ರೆ 6 ಗಂಟೆಗೊಂದು. 25ರ ಮಾತ್ರೆನೇ ಸಿಗುತ್ತೆ, ಅದನ್ನೇ ತರಿಸಿ. 200ರ ಮಾತ್ರೆನ ಎಂಟು ಚೂರು ಮಾಡಿದ್ರೆ ಒಂದು ಚೂರು 15, ಇನ್ನೊಂದು 40 ಆಗ್ಬಹುದು. ಎರಡನೇ ಬಸಿರಿನ ಗರ್ಭಕೋಶ ಸಣ್ಣ ಡೋಸಿಗೂ ಜೋರಾಗಿ ಹಿಡ್ಕೊಳ್ಳುತ್ತೆ.

ಆಮೇಲೆ ಡ್ರಿಪ್. 500 ಎಂ.ಎಲ್. ರಿಂಗರ್ ಲ್ಯಾಕ್ಟೇಟ್‌ಗೆ 5 ಯೂನಿಟ್ ಆಕ್ಸಿಟೋಸಿನ್ ಹಾಕೋದು ರೂಢಿ. ಗಂಟೆಗೆ 12 ಎಂ.ಎಲ್. ಬಿಟ್ರೆ ನಿಮಿಷಕ್ಕೆ 2 ಮಿಲಿಯೂನಿಟ್ ಹೋಗುತ್ತೆ. ಮಾಮೂಲಿ 20 ಹನಿ ಸೆಟ್ಟಲ್ಲಿ ಅದು ನಿಮಿಷಕ್ಕೆ 4 ಹನಿ, ಅಂದ್ರೆ 15 ಸೆಕೆಂಡಿಗೊಂದು. ನೋಡೋರಿಗೆ ಡ್ರಿಪ್ ನಿಂತೇ ಹೋಗಿದೆ ಅನ್ಸುತ್ತೆ! ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, 10 ನಿಮಿಷದಲ್ಲಿ 3-4 ನೋವು, ಒಂದೊಂದೂ 40 ಸೆಕೆಂಡ್ ಮೇಲೆ ಬಂದಾಗ ಏರಿಸೋದು ನಿಲ್ಲಿಸ್ತಾರೆ. ಎರಡನೇದರಲ್ಲಿ ಅಲ್ಲಿಂದ ಇಳಿಸೋದೇ ಹೆಚ್ಚು. ಜೊತೆಗಿರೋರು ಒಂದು ಮಾತ್ರ ಮಾಡ್ಬೇಡಿ: "ನಿಧಾನ ಆಯ್ತು" ಅಂತ ಡ್ರಿಪ್ಪಿನ ಚಕ್ರ ಮುಟ್ಬೇಡಿ. ಕೈ ಮಡಚಿದ್ರೆ, ಎದ್ದು ಕೂತ್ರೆ ಹನಿ ತಾನೇ ಬದಲಾಗುತ್ತೆ, ಆಗ ಸಿಸ್ಟರ್‌ನ ಕರೀರಿ. ಪಂಪ್ ಇದ್ರೆ ಈ ತಾಪತ್ರಯ ಇಲ್ಲ. ಜೆಲ್ ಇಟ್ಟಿದ್ರೆ 6 ಗಂಟೆ ಆಗೋವರೆಗೂ ಡ್ರಿಪ್ ಶುರು ಮಾಡಲ್ಲ, ಎರಡೂ ಒಟ್ಟಿಗೆ ಸೇರಿದ್ರೆ ನೋವಿನ ಮೇಲೆ ನೋವು. 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬರ್ತಾ ಇದ್ರೆ ಮಗುಗೆ ಉಸಿರಾಡೋಕೆ ಬಿಡುವಿಲ್ಲ. ಆಗ ಡ್ರಿಪ್ ನಿಲ್ಲಿಸಿ, ಎಡಮಗ್ಗುಲು ಮಾಡಿ, ಬೇಕಾದ್ರೆ ಗರ್ಭಕೋಶ ಸಡಿಲ ಮಾಡೋ ಟರ್ಬ್ಯುಟಲಿನ್ 0.25 ಮಿಲಿಗ್ರಾಂ ಚರ್ಮದ ಕೆಳಗೆ ಕೊಡ್ತಾರೆ.

ಇನ್ನು ನಿಮ್ಮ ಕಾರ್ಡಿನ "ತಲೆ ಮೇಲಿದೆ". ಎರಡನೇದರಲ್ಲಿ ನೋವು ಬರೋವರೆಗೂ ತಲೆ ಇಳಿಯದೇ ಇರ್ಬಹುದು, ಅದೇನು ದೋಷ ಅಲ್ಲ. ಆದ್ರೆ ತಲೆ ಮೇಲಿರೋವಾಗ ನೀರು ಒಡೆದ್ರೆ ಹೊಕ್ಕುಳಬಳ್ಳಿ ಮುಂದೆ ಜಾರ್ಬಹುದು. ಅದಕ್ಕೇ ಡಾಕ್ಟ್ರು ತಲೆ ಕೂರೋಕೆ ಕಾಯ್ತಾರೆ, ಅವಸರ ಮಾಡ್ಬೇಡಿ. ವಾರ್ಡಲ್ಲಿ ತಾನಾಗೇ ನೀರು ಹೋದ್ರೆ ಓಡಾಡ್ದೆ ಮಲಗಿಸಿ, ಕೂಗಿ, ಬಣ್ಣ ನೋಡಿ. ಹಸಿರು ಅಥವಾ ಕಂದು ಇದ್ರೆ ಮಗು ಒಳಗೇ ಮಲ ಮಾಡಿದೆ ಅಂತ.

ಗೊರವನಹಳ್ಳಿ ಗಾಳಿ

ಮೇಲಿನವರು ಎಷ್ಟು ಬೇಗ ಅನ್ನೋದು ಬಿಟ್ಬಿಟ್ರು. ಬೇಗ ಆಗೋದು ಕೊನೇ ಅರ್ಧ ಕಣಣ್ಣ, ಮೊದಲರ್ಧ ಅಲ್ಲ. ಬಾಯಿ ಹದ ಆಗೋಕೆ ಎರಡನೇದರಲ್ಲೂ ಒಂದು ರಾತ್ರಿ, ಕೆಲವು ಸಲ 24 ಗಂಟೆ ಹಿಡಿಯುತ್ತೆ. ಬೆಳಿಗ್ಗೆ ಅಡ್ಮಿಟ್ ಆದ್ರೆ ಸಾಯಂಕಾಲಕ್ಕೆ ಮಗು ಅಂತ ನೆಂಟರಿಗೆ ಫೋನ್ ಹಾಕ್ಬೇಡಿ. 5 ಸೆಂಟಿಮೀಟರ್ ದಾಟಿದ ಮೇಲೆ ಮಾತ್ರ ಓಟ. ಆಮೇಲೆ 10 ಗಂಟೆವರೆಗೂ ಕಾಯ್ಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಆದ್ರೆ ಎರಡನೇದರಲ್ಲಿ ಎರಡು ಮೂರು ಗಂಟೆಲಿ ಮುಗಿಯೋದೂ ಉಂಟು.

ಇಲ್ಲೊಂದು ಎಚ್ಚರ. "ಸಂಡಾಸಿಗೆ ಬರೋ ಹಾಗಾಗ್ತಿದೆ" ಅಂತ ಮನೆಯವರು ಅಂದ್ರೆ ಬಾತ್‌ರೂಮಿಗೆ ಕರ್ಕೊಂಡು ಹೋಗ್ಬೇಡಿ. ಅದು ತಲೆ ಕೆಳಗೆ ಒತ್ತುತ್ತಿರೋದು. ಅರ್ಧ ಗಂಟೆ ಹಿಂದೆ 5 ಸೆಂಟಿಮೀಟರ್ ಅಂದಿದ್ರಲ್ಲ ಅಂತ ಸುಮ್ನಿರ್ಬೇಡಿ, ಸಿಸ್ಟರ್‌ನ ಮಂಚದ ಹತ್ರಕ್ಕೇ ಕರೀರಿ. ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಎಪಿಡ್ಯೂರಲ್ ಬೇಕು ಅಂದ್ರೂ ಇದೇ ಲೆಕ್ಕ: ಅಡ್ಮಿಷನ್ ದಿನವೇ ಹೇಳಿ, ರಾತ್ರಿ ಅರಿವಳಿಕೆ ಡಾಕ್ಟ್ರು ಇರ್ತಾರಾ ಕೇಳಿ. ನೋವು ತಡೆಯೋಕಾಗ್ತಿಲ್ಲ ಅಂದ ಮೇಲೆ ಕರೆಸಿದ್ರೆ ಅವ್ರು ಬರೋದಕ್ಕೆ ಮುಂಚೆ ಮಗು ಬಂದಿರುತ್ತೆ.

ಗಳಿಗೆ ವಿಷ್ಯ: ಶುರು ಮಾಡೋ ದಿನ ನಮ್ಮ ಕೈಲಿ, ಹುಟ್ಟೋ ಹೊತ್ತಲ್ಲ. ಅಮಾವಾಸ್ಯೆ ತಪ್ಪಿಸೋಕೆ ಅಂತ 38 ವಾರಕ್ಕೇ ಜೆಲ್ ಇಡಿ ಅಂತ ಡಾಕ್ಟ್ರನ್ನ ಪೀಡಿಸ್ಬೇಡಿ. ಡ್ರಿಪ್ ಏರಿಸಿ ಗಳಿಗೆಗೆ ಸರಿ ಮಾಡಿ ಅನ್ನೋದಂತೂ ಮಗು ಮೇಲೆ ಜೂಜು. ನಿಮ್ಮತ್ತೆಗೆ ಹೀಗೆ ಹೇಳಿ: ಹುಟ್ಟಿದ ನಿಮಿಷನ ಸಿಸ್ಟರ್ ಹತ್ರ ಸರಿಯಾಗಿ ಬರೆಸ್ಕೊತೀವಿ, ಜೋಯಿಸ್ರಿಗೆ ಅಷ್ಟು ಸಾಕು.

ಕಬ್ಬಿನಗದ್ದೆ, ಮಂಡ್ಯ

ಥ್ಯಾಂಕ್ಸ್ ಕಣ್ರಪ್ಪ. ಇನ್ನೆರಡು: ಸಕ್ಕರೆ ಮಾತ್ರೆ ಆ ದಿನ ತಗೋಬೇಕಾ? ನಮ್ಮ ದೊಡ್ಡಮ್ಮ ಹಿಂದಿನ ದಿನ ಹರಳೆಣ್ಣೆ ಕುಡಿಸಿ, ತಾನೇ ನೋವು ಬರುತ್ತೆ ಅಂತಾವ್ರೆ.

ಮಧುಮಿತ

ನೋವು ಬರಿಸೋ ದಿನ ಬೆಳಗಿನ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಬಿಡಿಸುತ್ತಾರೆ, ಗ್ಲುಕೋಮೀಟರ್‌ನಲ್ಲಿ 2 ಗಂಟೆಗೊಮ್ಮೆ ನೋಡುತ್ತಾರೆ. ಆದರೆ ರಾತ್ರಿಯೇ ಜೆಲ್ ಇಡುವುದಾದರೆ ರಾತ್ರಿಯ ಮಾತ್ರೆ ಏನು ಮಾಡಬೇಕೆಂದು ಅಡ್ಮಿಷನ್‌ನಲ್ಲೇ ಕೇಳಿ, ಊಟ ಮಾಡುವಿರೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ. ಬಾಯಿ ಹದವಾಗುವ ಹೊತ್ತಿನಲ್ಲಿ ತಾಯಿಯನ್ನು ಉಪವಾಸ ಇರಿಸಬಾರದು. ಇಡ್ಲಿ, ತೆಳು ರಾಗಿ ಗಂಜಿ, ಮಜ್ಜಿಗೆ ನಡೆಯುತ್ತದೆ. ಎಳನೀರು ಒಂದೆರಡು ಗುಟುಕಷ್ಟೇ, ಮದ್ದೂರಿನ ಕಡೆಯವರು ಕೊಡ ತುಂಬಿಸಿ ತರುತ್ತಾರೆ, ಅದರಲ್ಲೂ ಸಕ್ಕರೆ ಇದೆ. ಹೆರುವಾಗ ತಾಯಿಯ ಸಕ್ಕರೆ ಏರಿದರೆ ಮಗುವಿನ ಮೈ ತಾನೇ ಹೆಚ್ಚು ಇನ್ಸುಲಿನ್ ಮಾಡಿಕೊಳ್ಳುತ್ತದೆ, ಬಳ್ಳಿ ಕತ್ತರಿಸಿದ ಮೇಲೆ ಅದರ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಲೇಬೇಕು. ಮಗುವಿನ ಹಿಮ್ಮಡಿ ಚುಚ್ಚಿ ನೋಡುತ್ತಾರೆ, ಸಕ್ಕರೆ 45ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ಬೇಕು. ಮಗು ಹೀರದಿದ್ದರೆ ಗಿಣ್ಣುಹಾಲು ಹಿಂಡಿ ಒಳಲೆಯಲ್ಲಿ ಹಾಕಿ. ಜೇನುತುಪ್ಪ, ಸಕ್ಕರೆನೀರು ನೆಕ್ಕಿಸಬೇಡಿ. ಮಕ್ಕಳ ಘಟಕ ಅದೇ ಕಟ್ಟಡದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ತಾಯಿಗೆ 6 ವಾರದ ಮೇಲೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಇದೆ. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಹರಳೆಣ್ಣೆ ಬೇಡ. ಭೇದಿಯಾಗಿ ಮೈನೀರು ಹೋಗುತ್ತದೆ, ನೋವು ಬಂದರೂ ಲಗಾಮಿಲ್ಲ. ಅದರ ಮೇಲೆ ಜೆಲ್ ಬಿದ್ದರೆ ಇನ್ನೂ ಕಷ್ಟ. ದೊಡ್ಡಮ್ಮನಿಗೆ ಜೀರಿಗೆ ಕಷಾಯ ಮಾಡಲು ಹೇಳಿ, ಅದರಿಂದ ತೊಂದರೆಯಿಲ್ಲ.

ಹಸಿರುಬಳೆ

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಮೊದಲನೇದು ಸಿಸೇರಿಯನ್ ಆಗಿದ್ದೋರಿಗೂ ಹೀಗೇ ಜೆಲ್ ಇಡ್ತಾರಾ ಸಿಸ್ಟರ್?

ಲೇಬರ್‌ವಾರ್ಡ್

ಇಲ್ಲಮ್ಮ, ಅದು ಬೇರೆ ದಾರಿ. ಮಿಸೊಪ್ರೋಸ್ಟಾಲ್ ಅಂತೂ ಕೊಡಲೇಬಾರ್ದು, ಜೆಲ್ಲೂ ಸಾಮಾನ್ಯವಾಗಿ ಬೇಡ ಅಂತಾರೆ. ಬಲೂನು, ಆಮೇಲೆ ತೀರಾ ಕಮ್ಮಿ ಡ್ರಿಪ್. ತಾನಾಗೇ ನೋವು ಬಂದಾಗ ಹಳೇ ಹೊಲಿಗೆ ಬಿಡೋದು ಸುಮಾರು 200ರಲ್ಲಿ ಒಬ್ಬರಿಗೆ, ನೋವು ಬರಿಸಿದ್ರೆ ಅದರ ಎರಡು ಮೂರು ಪಟ್ಟು. ಹಳೇ ಡಿಸ್ಚಾರ್ಜ್ ಸಮ್ಮರಿಲಿ ಕೊಯ್ದಿದ್ದು ಕೆಳಭಾಗದಲ್ಲಿ ಅಡ್ಡಕ್ಕೆ ಅಂತ ಇರ್ಬೇಕು, ಎರಡು ಹೆರಿಗೆ ನಡುವೆ 18 ತಿಂಗಳಾದ್ರೂ ಇರ್ಬೇಕು, ಆಪರೇಷನ್ ಥಿಯೇಟರು ರಕ್ತ ಎರಡೂ ಅಲ್ಲೇ ತಯಾರಿರ್ಬೇಕು. ಎರಡು ನೋವಿನ ನಡುವೆಯೂ ಹೊಲಿಗೆ ಜಾಗ ಬಿಡದೇ ನೋಯ್ತಿದ್ರೆ, ಬರ್ತಿದ್ದ ನೋವು ತಟ್ಟನೆ ನಿಂತ್ರೆ, ರಕ್ತ ಕಂಡ್ರೆ ಒಂದು ಕ್ಷಣವೂ ಕಾಯ್ಬೇಡಿ.

ಕಾವೇರಿ ಸೇತುವೆ

ಹೊರಡೋ ಸಂಗತಿ ಯಾರೂ ಹೇಳಿಲ್ಲ. ಜೆಲ್ಲೋ ಬಲೂನೋ ಹಾಕಿಸ್ಕೊಂಡು ಮನೆಗೆ ವಾಪಸ್ ಹೋಗೋ ಮಾತು ಮುಕ್ಕಾಲು ಗಂಟೆ ದೂರದೋರಿಗೆ ಬೇಡ. ಅಡ್ಮಿಷನ್‌ಗೆ ಮುಂಚೆ ಬಾಯಿ ಸುತ್ತ ಬೆರಳಾಡಿಸಿ ಪೊರೆ ಬಿಡಿಸಿ ಕಳಿಸಿದ್ರೆ, ರಾತ್ರಿ ಸಣ್ಣ ನೋವು, ಲೋಳೆ ಜೊತೆ ಸ್ವಲ್ಪ ರಕ್ತ ಸಹಜ. ಆದ್ರೆ 10 ನಿಮಿಷಕ್ಕೊಂದು ನೋವು ಕ್ರಮವಾಗಿ ಬಂದ್ರೆ ಹೊರಟುಬಿಡಿ, ಮೊದಲನೇದರ ಹಾಗೆ 5 ನಿಮಿಷಕ್ಕೆ ಬರ್ಲಿ ಅಂತ ಕೂರ್ಬೇಡಿ. ಮೈಸೂರಿಗೆ ಹೋಗೋದಾದ್ರೆ ಆಟೋ ನೆಚ್ಕೋಬೇಡಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಆಟೋ, ಬೈಕ್ ಬಿಡಲ್ಲ, ಸರ್ವಿಸ್ ರಸ್ತೇಲಿ ಹೊತ್ತು ಹಿಡಿಯುತ್ತೆ. 108 ಇಲ್ಲ ಕಾರು.

ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಆಧಾರ್ ಒಂದೇ ಕವರಲ್ಲಿ. ತಾಯಿ ನೆಗೆಟಿವ್ ಗುಂಪಾಗಿ ಮಗು ಪಾಸಿಟಿವ್ ಆದ್ರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ. ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬದಂಥ ಸರ್ಕಾರಿ ಆಸ್ಪತ್ರೇಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧಿ, ರಕ್ತ, ಊಟ ಉಚಿತ, ವಾಪಸ್ ಬಿಡೋಕೆ ನಗು-ಮಗು ಗಾಡಿ ಕೇಳಿ. ಆಶಾ ಕಾರ್ಯಕರ್ತೆಗೆ ಅಡ್ಮಿಷನ್ ತಾರೀಖು ಮೊದ್ಲೇ ತಿಳಿಸಿ.

ಎರಡನೇದು ಆದ್ಮೇಲೆ ಮಕ್ಕಳು ಸಾಕು ಅನ್ನೋದಿದ್ರೆ ಈಗ್ಲೇ ಇಬ್ರೂ ಕೂತು ತೀರ್ಮಾನ ಮಾಡಿ. ವಂಕಿ (ಕಾಪರ್-ಟಿ) ಹಾಕಿಸೋದು ಹೆರಿಗೆಯಾಗಿ ಮಾಸು ಬಿದ್ದ 10 ನಿಮಿಷದೊಳಗೆ ಅಥವಾ 48 ಗಂಟೆಯೊಳಗೆ, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸೋದಾದ್ರೆ 7 ದಿನದೊಳಗೆ. ಒಪ್ಪಿಗೆ ಕೊಡ್ಬೇಕಾದ್ದು ಹೆತ್ತ ಹೆಂಗಸೇ, ನೋವಿನ ನಡುವೆ ಯಾರಾದ್ರೂ ಕಾಗದ ಮುಂದಿಟ್ರೆ ಆಮೇಲೆ ಅನ್ನಿ.

ಹೆತ್ತ ಮೇಲಿನ ಎರಡು ಗಂಟೆ ಜೊತೇಲಿರೋರು ನಿದ್ದೆ ಮಾಡ್ಬೇಡಿ. ತುಂಬಾ ಹೊತ್ತು ಡ್ರಿಪ್ ಮೇಲಿದ್ದ ಗರ್ಭಕೋಶ ಸುಸ್ತಾಗಿ ಸಡಿಲ ಬಿಡುತ್ತೆ, ರಕ್ತ ಹೋಗೋದು ಆಗ್ಲೇ. ಮಗು ಹುಟ್ಟಿದ ತಕ್ಷಣ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚೋದು ಅದಕ್ಕೇ. ಹೊಕ್ಕುಳ ಹತ್ರ ಕೈ ಇಟ್ರೆ ಗಟ್ಟಿಯಾಗಿ ಸಿಗ್ಬೇಕು. ಮೆತ್ತಗಿದ್ರೆ, ಪ್ಯಾಡು ಬೇಗ ಬೇಗ ತೊಯ್ದು ಹೋಗ್ತಿದ್ರೆ, ತಲೆ ಸುತ್ತುತ್ತೆ ಅಂದ್ರೆ ಕೂಡಲೇ ಹೇಳಿ. ಹಾಲು ಕುಡಿಸೋವಾಗ ಹೊಟ್ಟೆ ಹಿಂಡಿದ ಹಾಗೆ ನೋಯೋದು ಬೇರೆ, ಅದು ಎರಡನೇದರಲ್ಲಿ ಹೆಚ್ಚು, ಎರಡು ಮೂರು ದಿನ ಇರುತ್ತೆ. ಪ್ಯಾರಾಸಿಟಮಾಲ್ ಕೇಳಿ ತಗೊಳ್ಳಿ.

ಕಬ್ಬಿನಗದ್ದೆ, ಮಂಡ್ಯ

ಕೊನೇದು ಒಂದು. ಎಷ್ಟು ಹೊತ್ತು ನೋಡಿ ಸಿಸೇರಿಯನ್ ಅಂತಾರೆ?

ಲೇಬರ್‌ವಾರ್ಡ್

ಮಗು ಎದೆಬಡಿತ ಸರಿಯಿದ್ರೆ, ನೀರು ಒಡೆದು ಡ್ರಿಪ್ ಹಾಕಿ 12ರಿಂದ 18 ಗಂಟೆಯಾದ್ರೂ ನೋಡಿ ಆಮೇಲೇ ಫೇಲ್ ಅನ್ಬೇಕು. ಬರೀ ಎರಡು ಜೆಲ್ ಇಟ್ಟು ಆಗ್ಲಿಲ್ಲ ಅಂದ್ರೆ ಅದು ಫೇಲ್ ಅಲ್ಲ, ಬಾಯಿ ಇನ್ನೂ ಹದಕ್ಕೆ ಬಂದಿಲ್ಲ ಅಷ್ಟೇ. ಒಂದು ದಿನ ಬಿಡುವು ಕೊಟ್ಟು ಬಲೂನ್ ಹಾಕ್ಬಹುದಾ ಅಂತ ಕೇಳಿ. ಎದೆಬಡಿತ ಇಳಿದ್ರೆ ಮಾತ್ರ ಗಂಟೆ ಲೆಕ್ಕ ಹಿಡಿದು ವಾದಕ್ಕೆ ನಿಲ್ಬೇಡಿ, ಸಹಿ ಹಾಕಿ ಕಳಿಸಿ.